ಬಾಗಿಲು ತೆರೆದಿಟ್ಟ ಪಂಡಿತಾ ರಮಾಬಾಯಿ

ಪುಣೆಯ ಇತಿಹಾಸದಲ್ಲಿ ಇಬ್ಬರು ರಮಾಬಾಯಿಯರು ಪ್ರಸಿದ್ಧರು. ಒಬ್ಬರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪತ್ನಿ ರಮಾಬಾಯಿ ರಾನಡೆ, ಸೇವಾ ಸದನವನ್ನು ಕಟ್ಟಿ ಬೆಳೆಸಿದವರು. ಇನ್ನೊಬ್ಬರು ಪಂಡಿತಾ ರಮಾಬಾಯಿ. ಹೆಸರು ಒಂದೇ ಆದ್ದರಿಂದ ಇಬ್ಬರನ್ನೂ ಒಬ್ಬರೆಂದೇ ತಿಳಿಯುವವರಿದ್ದಾರೆ. ಈ ಎರಡನೆಯವರು ನಮ್ಮ ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದವರು ಎಂದು ನಾನು ಹೇಳಿದಾಗ, ನಮ್ಮ ಮಹಿಳಾ ವೇದಿಕೆಯ ಹಲವರಿಗೆ ಆಶ್ಚರ್ಯವಾಯಿತು. ಅದಕ್ಕಾಗಿಯೇ ಈ ಬಾರಿಯ ಇ-ಸಂಚಿಕೆಗೆ ಅವರ ಬದುಕನ್ನು ಬರೆಯೋಣವೆಂದುಕೊಂಡೆ.

ಬರೆಯಲು ಇನ್ನೂ ಒಂದು ಕಾರಣವಿದೆ. ಪ್ರೀತಿ, ಕರುಣೆ, ಸೇವೆ ಎಂಬ ಮಾತುಗಳನ್ನು ನಾವೆಲ್ಲ ಧಾರಾಳವಾಗಿ ಬಳಸುತ್ತೇವೆ. ಅವು ಮಾತಿನಿಂದ ಕೆಲಸಕ್ಕೆ ಇಳಿದಾಗ ಏನಾಗುತ್ತದೆ, ಏನೇನು ಕಳೆದುಕೊಳ್ಳಬೇಕಾಗುತ್ತದೆ ಎಂಬುದನ್ನು ಈ ಹೆಣ್ಣುಮಗಳ ಬದುಕಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ. ಅವರು ಕ್ರೈಸ್ತರಾದರು. ಯೇಸುವಿನ ಪ್ರೀತಿಯೇ ತಮ್ಮ ಕೆಲಸದ ಮೂಲ ಎಂದು ಕೊನೆಯವರೆಗೂ ನಂಬಿದರು. ನಾನು ಆ ಧರ್ಮದವಳಲ್ಲ. ಆದರೂ ಅವರ ಜೀವನದ ಮುಂದೆ ನಿಂತಾಗ ತಲೆಬಾಗುತ್ತದೆ, ಜೊತೆಗೆ ಕೆಲವು ಪ್ರಶ್ನೆಗಳೂ ಏಳುತ್ತವೆ. ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕಾರ್ಕಳದ ಬಳಿಯ ಮಾಳದಲ್ಲಿ ನೆಲೆಸಿದ್ದ ಚಿತ್ಪಾವನ ಬ್ರಾಹ್ಮಣ ಕುಟುಂಬದವರು. ಯುವಕನಾಗಿದ್ದಾಗ ಸಂಸ್ಕೃತ ಕಲಿಯಲು ಅವರು ಬಂದದ್ದು ಇದೇ ಪುಣೆಗೆ. ಅವರ ಗುರುಗಳು ಪೇಶ್ವೆ ಎರಡನೇ ಬಾಜೀರಾಯರ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಂಗಸಿನ ಬಾಯಲ್ಲಿ ಸಂಸ್ಕೃತ ಶ್ಲೋಕ ಕೇಳಿದ ಆ ವಿದ್ಯಾರ್ಥಿಗೆ ಆದ ಬೆರಗು ಜೀವಮಾನವಿಡೀ ಉಳಿಯಿತು. ಊರಿಗೆ ಮರಳಿ ತಮ್ಮ ಹೆಂಡತಿಗೂ ಪಾಠ ಹೇಳಲು ಹೊರಟರು. ಮನೆಯವರು, ಊರವರು ಒಪ್ಪಲಿಲ್ಲ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಕೈಹಿಡಿದ ಲಕ್ಷ್ಮೀಬಾಯಿಗೆ ಅವರು ಛಲ ಬಿಡದೆ ಸಂಸ್ಕೃತ ಕಲಿಸಿದರು. ವಿರೋಧ ಹೆಚ್ಚಾದಾಗ ಊರನ್ನೇ ಬಿಟ್ಟು ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಪಶ್ಚಿಮ ಘಟ್ಟದ ದಟ್ಟ ಕಾಡು ಅದು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು.

ಮಗುವಿಗೆ ಕೆಲವು ತಿಂಗಳು ತುಂಬುವಷ್ಟರಲ್ಲಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಮಗುವನ್ನು ಘಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ಆ ಕುಟುಂಬಕ್ಕೆ ನಿಂತ ಮನೆ ಎಂಬುದೇ ಇರಲಿಲ್ಲ. ಊರಿಂದ ಊರಿಗೆ ಹೋಗಿ ದೇವಸ್ಥಾನಗಳಲ್ಲಿ, ನದೀತೀರಗಳಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಬದುಕುವುದು. ಮಗಳಿಗೆ ಪಾಠ ಹೇಳಿದ್ದು ತಾಯಿ ಲಕ್ಷ್ಮೀಬಾಯಿ. ದಿನವಿಡೀ ಕೆಲಸ ಇರುತ್ತಿದ್ದುದರಿಂದ ಬೆಳಗಿನ ಜಾವದಲ್ಲೇ ಮಗುವನ್ನು ಎಬ್ಬಿಸಿ, ನಿದ್ದೆಗಣ್ಣಿನಲ್ಲೇ ಶ್ಲೋಕ ಹೇಳಿಸುತ್ತಿದ್ದರು. ಸುತ್ತಾಟದಲ್ಲಿ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಕೂಡ ಬಂತು. ಹಿರಿಯ ಮಗಳ ಬಾಲ್ಯವಿವಾಹ ಕಹಿಯಾಗಿ ಮುಗಿದದ್ದನ್ನು ಕಂಡಿದ್ದ ತಂದೆ, ರಮಾಳಿಗೆ ಚಿಕ್ಕ ವಯಸ್ಸಿನಲ್ಲಿ ಮದುವೆ ಮಾಡಲಿಲ್ಲ.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಂದಾಗ ಪುರಾಣ ಕೇಳುವವರೂ ಇಲ್ಲ, ದಕ್ಷಿಣೆ ಕೊಡುವವರೂ ಇಲ್ಲ. ಪಾತ್ರೆ ಪಡಗ, ಮೈಮೇಲಿನ ಒಡವೆ ಎಲ್ಲ ಮಾರಿ ಮುಗಿಯಿತು. ಕೂಲಿಗೆ ಹೋಗೋಣವೆಂದರೆ ಪಂಡಿತರ ಮನೆತನ, ಬೇಡೋಣವೆಂದರೆ ನಾಲಿಗೆ ಏಳದು. ಕಾಡಿನ ಎಲೆ, ಕಾಯಿ ತಿಂದು ದಿನ ದೂಡಿದರು. ಮೊದಲು ತಂದೆ ಹೋದರು. ಜ್ವರದಲ್ಲಿ ಮಲಗಿದ್ದ ತಾಯಿ ತಿನ್ನಲು ಏನಾದರೂ ಬೇಕೆಂದಾಗ ರಮಾ ನೆರೆಮನೆಯ ಬಾಗಿಲಿಗೆ ಹೋಗಿ ನಿಂತರು. ಕೇಳಲು ಬಾಯಿ ಬರಲಿಲ್ಲ. ಆ ಮನೆಯಾಕೆ ಮುಖ ನೋಡಿ ಅರ್ಥಮಾಡಿಕೊಂಡು, ಸಜ್ಜೆ ರೊಟ್ಟಿಯ ತುಂಡೊಂದನ್ನು ಕೈಗಿಟ್ಟರು. ರೊಟ್ಟಿ ತಂದರೂ ತಾಯಿಗೆ ಅದನ್ನು ತಿನ್ನಲಾಗಲಿಲ್ಲ. ತಾಯಿ ತೀರಿಕೊಂಡಾಗ ಹೆಣ ಹೊರಲು ಜನ ಸಿಗದೆ, ಅಣ್ಣ ಶ್ರೀನಿವಾಸ ಮತ್ತು ರಮಾ ಇಬ್ಬರೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ರಮಾ ಅದನ್ನು ತಲೆಯ ಮೇಲೆ ಹೊತ್ತರು. ಅಕ್ಕನೂ ಉಳಿಯಲಿಲ್ಲ.

ಈ ಭಾಗವನ್ನು ಓದುವಾಗಲೆಲ್ಲ ಬಾಯಿ ಬಿಟ್ಟು ಕೇಳುವ ಮೊದಲೇ ರೊಟ್ಟಿ ಕೊಟ್ಟ ಆ ಹೆಸರಿಲ್ಲದ ಹೆಂಗಸಿನ ಬಳಿ ನಾನು ನಿಂತುಬಿಡುತ್ತೇನೆ. ಮುಂದೆ ರಮಾಬಾಯಿಯವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಅಣ್ಣ ತಂಗಿ ಇಬ್ಬರೂ ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ ಅಲೆದು 1878ರಲ್ಲಿ ಕಲ್ಕತ್ತೆ ಸೇರಿದರು. ಇಪ್ಪತ್ತರ ಹುಡುಗಿ ನಿರರ್ಗಳ ಸಂಸ್ಕೃತದಲ್ಲಿ ಮಾತಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಮದುವೆ ನಡೆದದ್ದು ಸರ್ಕಾರಿ ನೋಂದಣಿಯಲ್ಲಿ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷ ಇನ್ನೂ ತುಂಬಿರಲಿಲ್ಲ. ಕಂಕುಳಲ್ಲಿ ಕೂಸು, ಹಿಂದೆ ಮುಂದೆ ಯಾರೂ ಇಲ್ಲ.

ಆ ಸ್ಥಿತಿಯಲ್ಲಿ ಅವರು ಬಂದದ್ದು ಪುಣೆಗೆ. ರಾನಡೆ ಮತ್ತು ಅವರ ಸಂಗಡಿಗರು ಆದರದಿಂದ ಬರಮಾಡಿಕೊಂಡರು. ಬಂದ ವರ್ಷವೇ ಆರ್ಯ ಮಹಿಳಾ ಸಮಾಜ ಶುರುವಾಯಿತು. ಹೆಂಗಸರು ಹೊಸ್ತಿಲು ದಾಟಿ ಒಂದು ಕಡೆ ಕೂತು ಮಾತಾಡುವುದೇ ದೊಡ್ಡ ಸುದ್ದಿಯಾಗಿದ್ದ ಕಾಲ. ರಮಾಬಾಯಿ ರಾನಡೆಯವರೂ ಅಲ್ಲಿಗೆ ಬರುತ್ತಿದ್ದರು. ಶಿಕ್ಷಣದ ಬಗ್ಗೆ ವಿಚಾರಿಸಲು ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಪಂಡಿತಾ ರಮಾಬಾಯಿ ಸಾಕ್ಷ್ಯ ಹೇಳಿದರು. ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯರು ಬೇಕು, ಹೆಂಗಸರ ಕಾಯಿಲೆಗೆ ಹೆಂಗಸು ಡಾಕ್ಟರರೇ ಬೇಕು, ಗಂಡಸರ ಮುಂದೆ ಹೇಳಿಕೊಳ್ಳಲಾಗದೆ ಎಷ್ಟೋ ಜೀವಗಳು ಹೋಗುತ್ತಿವೆ ಎಂದು ನೇರವಾಗಿ ತಿಳಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕವನ್ನೂ ಬರೆದರು. ಅದರಿಂದ ಬಂದ ಹಣದಲ್ಲಿಯೇ 1883ರಲ್ಲಿ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯಕೀಯ ಓದಬೇಕೆಂಬ ಆಸೆ. ಕಿವಿಯ ತೊಂದರೆಯಿಂದ ಅದು ಕೈಗೂಡಲಿಲ್ಲ.

ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು. ಒಮ್ಮೆ ಆ ಸನ್ಯಾಸಿನಿಯರು ಲಂಡನ್ನಿನ ಫುಲಂನಲ್ಲಿ ನಡೆಸುತ್ತಿದ್ದ ಆಶ್ರಯಧಾಮಕ್ಕೆ ಅವರನ್ನು ಕರೆದೊಯ್ದರು. ದಾರಿ ತಪ್ಪಿದವರೆಂದು ಸಮಾಜ ಹೊರಗಟ್ಟಿದ ಹೆಂಗಸರನ್ನು ಅಲ್ಲಿ ಯಾರೂ ಹೀಯಾಳಿಸುತ್ತಿರಲಿಲ್ಲ. ಅನ್ನ, ಕೆಲಸ, ಮರ್ಯಾದೆ ಮೂರೂ ಸಿಗುತ್ತಿದ್ದವು. ಇಷ್ಟೊಂದು ಶಾಸ್ತ್ರ ಓದಿದ್ದ ರಮಾಬಾಯಿ ಇಂಥದ್ದನ್ನು ಎಂದೂ ನೋಡಿರಲಿಲ್ಲ. ಇವರೇಕೆ ಹೀಗೆ ಮಾಡುತ್ತಾರೆ ಎಂದು ಕೇಳಿದಾಗ, ಆ ಸನ್ಯಾಸಿನಿಯರಲ್ಲಿ ಒಬ್ಬರು ಯೋಹಾನನ ಸುವಾರ್ತೆಯಲ್ಲಿರುವ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದರು. ಬಿಸಿಲಿನಲ್ಲಿ ಬಾವಿಯ ಕಟ್ಟೆಯ ಮೇಲೆ ಕುಳಿತ ಯೇಸು, ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಜನಾಂಗದ, ಊರವರ ಬಾಯಿಗೆ ಬಿದ್ದಿದ್ದ ಒಬ್ಬ ಹೆಂಗಸಿನ ಬಳಿ ಕುಡಿಯಲು ನೀರು ಕೇಳುತ್ತಾನೆ. ಅವಳೊಂದಿಗೆ ಸರಿಸಮನಾಗಿ ಕೂತು ಮಾತಾಡುತ್ತಾನೆ. ಯಾರ ಕೊಡದ ನೀರು ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬ ಲೆಕ್ಕದಲ್ಲೇ ಬೆಳೆದ ನಮ್ಮ ನಾಡಿನ ಹೆಣ್ಣಿಗೆ ಆ ಕಥೆ ಎಲ್ಲಿ ತಾಗಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಇಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ಅತ್ತ ಇಂಗ್ಲೆಂಡಿನಲ್ಲೂ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಶಿಷ್ಯೆಯಾಗಲಿಲ್ಲ. ಚರ್ಚಿನ ಹಿರಿಯರು ಹೇಳಿದ ಸಿದ್ಧಾಂತಗಳನ್ನು ಪ್ರಶ್ನಿಸಿದರು, ತಮ್ಮ ಮನಸ್ಸಿಗೆ ಒಪ್ಪದ್ದನ್ನು ಒಪ್ಪೆನೆಂದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಚೆಲ್ಟೆನ್‌ಹ್ಯಾಂ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ಓದಿದರು. 1886ರಲ್ಲಿ ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕದ ಫಿಲಡೆಲ್ಫಿಯಾಗೆ ಹೋದವರು, ಊರೂರು ಸುತ್ತಿ ನಮ್ಮ ದೇಶದ ಬಾಲವಿಧವೆಯರ ಪರವಾಗಿ ಮಾತಾಡಿದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸಿನ ಬದುಕಿನ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ ಹೊರಬಂತು. ಅದನ್ನು ಓದಿ, ಅವರ ಮಾತು ಕೇಳಿದ ಜನ ಬಾಸ್ಟನ್ನಿನಲ್ಲಿ ಒಂದು ಸಂಘ ಕಟ್ಟಿದರು. ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿದರು. ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಇರಬಾರದು ಎಂಬುದು ಆಗಿನ ಒಪ್ಪಂದ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಬ್ರಾಹ್ಮಣ ವಿಧವೆಯರು ತಮ್ಮ ಮಡಿ, ವ್ರತ, ಅಡುಗೆಯ ಪದ್ಧತಿಯನ್ನು ಅಲ್ಲಿ ಬಿಡಬೇಕಾಗಿರಲಿಲ್ಲ. ಪೂಜೆ ಮಾಡುವವರು ಮಾಡಬಹುದಿತ್ತು. ಅಂದಿನ ವಿಧವೆಯೆಂದರೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹೊತ್ತಿಗೊಂದು ಊಟ ಹಾಕಿ, ಶುಭಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಮೂಲೆಗೆ ಕೂರಿಸಿದವಳು. ಅಂಥವಳನ್ನು ಕೂರಿಸಿ ಓದು ಕಲಿಸಿ, ಶಿಕ್ಷಕಿಯಾಗು, ನಿನ್ನ ಅನ್ನ ನೀನು ಸಂಪಾದಿಸು ಎಂದರು.

ಸದನ ಸೇರಿದ ಮೊದಲ ವಿಧವೆ ಗೋದೂಬಾಯಿ. ಎಂಟು ಒಂಬತ್ತರ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಶಾಲೆ ತೆರೆದು ಸರಿಯಾಗಿ ನಾಲ್ಕು ವರ್ಷಕ್ಕೆ, 1893ರ ಮಾರ್ಚ್ 11ರಂದು, ಅವರು ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಆದರು. ಆ ವಿವಾಹಕ್ಕಾಗಿ ದಂಪತಿ ಬಹಿಷ್ಕಾರ ಅನುಭವಿಸಿದರು. ಕರ್ವೆಯವರು ಮುಂದೆ ಹಿಂಗಣೆಯಲ್ಲಿ ವಿಧವೆಯರ ಆಶ್ರಮ ನಡೆಸಿದ್ದು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದ್ದು, ಭಾರತರತ್ನರಾದದ್ದು ನಮಗೆಲ್ಲ ತಿಳಿದದ್ದೇ. ನಾವು ದಿನವೂ ಓಡಾಡುವ ಕರ್ವೆ ರಸ್ತೆ, ಕರ್ವೆನಗರಗಳ ಹಿಂದೆ ಶಾರದಾ ಸದನದ ಒಬ್ಬ ವಿದ್ಯಾರ್ಥಿನಿ ಇದ್ದಾಳೆಂಬುದನ್ನು ಮಾತ್ರ ಬಹಳ ಜನ ಅರಿಯರು. ಗೋದೂಬಾಯಿ ಕ್ರೈಸ್ತರಾಗಲಿಲ್ಲ. ಅವರ ಬದುಕು ಅರಳಲು ಅದು ಅಡ್ಡಿಯೂ ಆಗಲಿಲ್ಲ.

ಇನ್ನು ನಾನು ಹೇಳಿದ ಪ್ರಶ್ನೆಗೆ ಬರುತ್ತೇನೆ. ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಸುದ್ದಿ ಹಬ್ಬಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಶಿಕ್ಷಣದ ಹೆಸರಲ್ಲಿ ಮತಾಂತರ ನಡೆಯುತ್ತಿದೆ ಎಂಬುದು ಆರೋಪ. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳು 1893ರಲ್ಲಿ ರಾಜೀನಾಮೆ ಕೊಟ್ಟರು. ಅನೇಕ ಹುಡುಗಿಯರನ್ನು ಮನೆಯವರು ಬಂದು ಕರೆದೊಯ್ದರು. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿದ್ದರೆ ಪ್ರಾಯಶಃ ಎಲ್ಲವೂ ತಣ್ಣಗಾಗುತ್ತಿತ್ತು. ರಮಾಬಾಯಿ ಮುಚ್ಚಲಿಲ್ಲ. ತಮ್ಮ ನಂಬಿಕೆಯನ್ನು ಬಚ್ಚಿಡುವುದೂ ಒಂದು ಸುಳ್ಳೇ ಎಂಬುದು ಅವರ ನಿಲುವು.

ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಹೋಗಲು ಬೇರೆ ಮನೆಯಿಲ್ಲದ ಹುಡುಗಿಗೆ, ತನ್ನನ್ನು ಸಾಕುವ ತಾಯಿಯ ತೆರೆದ ಬಾಗಿಲು ನಿಜಕ್ಕೂ ಒತ್ತಾಯವೇ ಇಲ್ಲದ ಬಾಗಿಲೇ? ಅನ್ನ ಕೊಟ್ಟವರ ದೇವರು ಸಹಜವಾಗಿಯೇ ಹತ್ತಿರದವನಾಗುತ್ತಾನೆ. ಪುಣೆಯ ಹಿರಿಯರ ಆತಂಕ ಬರೀ ದ್ವೇಷವಾಗಿರಲಿಲ್ಲ ಎಂದೇ ನನಗನ್ನಿಸುತ್ತದೆ. ಆದರೆ ಇನ್ನೊಂದು ಪ್ರಶ್ನೆಯೂ ಇದೆ. ಆ ಹುಡುಗಿಯರು ಮೂಲೆಯಲ್ಲಿ ಕೂತಿದ್ದಾಗ ಅವರ ಧರ್ಮದ ಚಿಂತೆ ಯಾರಿಗಿತ್ತು? ಮನೆಗೆ ಮರಳಿ ಕರೆದೊಯ್ದವರು ಅವರಿಗೆ ಪಾಟಿ ಬಳಪ ಕೊಡಿಸಿದರೇ? ಟೀಕೆ ಮಾಡಲು ಒಂದು ಪತ್ರಿಕೆ ಸಾಕು. ಹುಡುಗಿಯನ್ನು ಇಟ್ಟುಕೊಳ್ಳಲು ಒಂದು ಮನೆ ಬೇಕು. ಈ ಮಾತಿಗೆ ಸರಿಯಾದ ಉತ್ತರ ಕೊಟ್ಟವರು ಕರ್ವೆ ದಂಪತಿ, ರಮಾಬಾಯಿ ರಾನಡೆ ಮೊದಲಾದವರು. ಅವರು ತಮ್ಮದೇ ಬಾಗಿಲುಗಳನ್ನು ತೆರೆದರು.

1896–97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿತ್ತು. ಇಪ್ಪತ್ತು ವರ್ಷಗಳ ಹಿಂದೆ ಕಾಡಿನ ಎಲೆ ತಿಂದವರಿಗೆ ಪುಣೆಯಲ್ಲಿ ಕೂತಿರಲಾಗಲಿಲ್ಲ. ಹಸಿದ ಹುಡುಗಿಯರನ್ನು ಎತ್ತಿಕೊಂಡು ಹೋಗಲು ದುರುಳರು ಹೊಂಚುತ್ತಿದ್ದುದನ್ನು ಕಂಡರು. ಕೈಯಲ್ಲಿ ಹಣವಿತ್ತೋ ಇಲ್ಲವೋ, ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು. ಊರಲ್ಲಿ ಅಷ್ಟು ಜನರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಪುಣೆಯಿಂದ ಸುಮಾರು 60 ಕಿ.ಮೀ. ದೂರದ ಕೇಡಗಾಂವ್‌ನಲ್ಲಿ, ಹಣ್ಣಿನ ತೋಟ ಮಾಡಿ ಶಾಲೆಗೆ ಆದಾಯ ತರೋಣವೆಂದು ಕೊಂಡಿದ್ದ ಜಮೀನಿಗೆ ಎಲ್ಲರನ್ನೂ ಕರೆದೊಯ್ದರು. ಅದೇ ಮುಕ್ತಿ ಸದನವಾಯಿತು. ಪ್ಲೇಗಿನ ಸಮಯದಲ್ಲಿ ಪುಣೆಯ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ ಅವರು ಪತ್ರಿಕೆಗೆ ಬರೆದರು. ಆಳುವವರು ತಮ್ಮ ಧರ್ಮದವರೇ ಎಂದು ಸುಮ್ಮನಿರಲಿಲ್ಲ.

1900ರಲ್ಲಿ ಗುಜರಾತಿನ ಬರದಿಂದ ಇನ್ನಷ್ಟು ಜನ ಬಂದರು. ಮುಕ್ತಿಯಲ್ಲಿದ್ದವರ ಸಂಖ್ಯೆ ಸುಮಾರು 2000ಕ್ಕೆ ಮುಟ್ಟಿತು. ಮನೆಯಲ್ಲಿ ಹತ್ತು ಜನ ನೆಂಟರು ಬಂದರೆ ಅಡುಗೆಮನೆಯಲ್ಲಿ ನಮ್ಮ ಗತಿ ಏನೆಂದು ನೆನೆದರೆ, ದಿನಕ್ಕೆ ಎರಡು ಸಾವಿರ ಹೊಟ್ಟೆ ತುಂಬಿಸುವುದು ಎಂಥ ಕೆಲಸವೆಂದು ಅರ್ಥವಾದೀತು. ಬಾವಿ ತೋಡಿಸಿದರು, ಹೊಲ ಉತ್ತರು, ದನ ಸಾಕಿದರು. ಮಗ್ಗ, ಹೊಲಿಗೆ, ಎಣ್ಣೆ ಗಾಣ, ರೊಟ್ಟಿ ಬೇಯಿಸುವ ಒಲೆ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಮೋಸಹೋದ ಹೆಂಗಸರಿಗೆ ಕೃಪಾ ಸದನ, ವಯಸ್ಸಾದವರಿಗೆ, ಕೈಲಾಗದವರಿಗೆ ಪ್ರೀತಿ ಸದನ. ಕಣ್ಣಿಲ್ಲದವರಿಗೆ ಬೇರೆ ವ್ಯವಸ್ಥೆ. ಮನೋರಮಾ ಬ್ರೈಲ್ ಲಿಪಿ ಕಲಿತು ಬಂದು ಅವರಿಗೆ ಓದಿಸಿದರು. ಫುಲಂನಲ್ಲಿ ಕಂಡದ್ದನ್ನು ರಮಾಬಾಯಿ ಮರೆತಿರಲಿಲ್ಲ.

ಮುಕ್ತಿ ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯೇ ಆಗಿತ್ತು. ಅಲ್ಲಿ ಬೆಳೆದ ಬಹಳ ಮಂದಿ ಕ್ರೈಸ್ತರಾದರು. ಅದನ್ನು ಅವರು ಮರೆಮಾಚಲಿಲ್ಲ, ನಾನೂ ಮರೆಮಾಚುವುದಿಲ್ಲ. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಯಾರಿಗೂ ಬೇಡವಾದ ಹೆಣ್ಣು ಅಲ್ಲಿಗೆ ಬಂದಾಗ ಮೊದಲು ಸಿಕ್ಕಿದ್ದು ಸ್ನಾನ, ಊಟ, ಹೊದಿಕೆ, ಆಮೇಲೆ ಅಕ್ಷರ ಮತ್ತು ಕಸುಬು ಎಂಬುದು ಮಾತ್ರ ನಿಶ್ಚಿತ.

ಅವರ ಕೊನೆಯ ದೊಡ್ಡ ಕೆಲಸ ಮಾತಿಗೇ ಸಂಬಂಧಿಸಿದ್ದು. ಆಗಿದ್ದ ಮರಾಠಿ ಬೈಬಲ್ ಪಂಡಿತರ ಮರಾಠಿಯಲ್ಲಿತ್ತು. ಈಗಷ್ಟೇ ಅಕ್ಷರ ಕಲಿತ ಹಳ್ಳಿಯ ಹೆಂಗಸಿಗೆ ಅದು ಎಟುಕುತ್ತಿರಲಿಲ್ಲ. ಸಾವಿರಾರು ಸಂಸ್ಕೃತ ಶ್ಲೋಕ ಬಾಯಿಪಾಠವಿದ್ದ ರಮಾಬಾಯಿ, ತಮ್ಮ ಪಾಂಡಿತ್ಯವನ್ನೆಲ್ಲ ಬದಿಗಿಟ್ಟು ಹೊಲದಲ್ಲಿ, ಒಲೆಯ ಮುಂದೆ ಆಡುವ ಮರಾಠಿಯಲ್ಲಿ ಅದನ್ನು ಮತ್ತೆ ಅನುವಾದಿಸಲು ಕೂತರು. ಅದಕ್ಕಾಗಿ ವಯಸ್ಸಾದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಬರೆದದ್ದನ್ನು ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚಿಗೆ ಜೋಡಿಸಿ ಮುದ್ರಿಸಿದರು. ತಿಳಿದ ದೊಡ್ಡ ಶಬ್ದವನ್ನು ಬಿಟ್ಟು ಎದುರಿಗಿರುವವಳಿಗೆ ತಿಳಿಯುವ ಶಬ್ದವನ್ನು ಹುಡುಕುವುದು ಕೂಡ ಪ್ರೀತಿಯೇ ಎಂದು ನನಗೆ ತೋರಿದ್ದು ಈ ಕೆಲಸವನ್ನು ನೋಡಿ. ಮಾತಿನಲ್ಲಿ ಪ್ರೀತಿ ತೋರಿಸುವುದೆಂದರೆ ಸಿಹಿಯಾಗಿ ಮಾತಾಡುವುದಷ್ಟೇ ಅಲ್ಲ.

1919ರಲ್ಲಿ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ತಾಯಿಯ ಬಲಗೈಯಾಗಿದ್ದ ಮನೋರಮಾ 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ಹೋದರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳಿಸಿಕೊಟ್ಟಿದ್ದ ರಮಾಬಾಯಿ, ಮಗಳನ್ನೂ ಕಳಿಸಿ ಮತ್ತೆ ಅನುವಾದದ ಕೆಲಸಕ್ಕೆ ಕೂತರು. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮುಕ್ತಿ ಮಿಷನ್ ಇಂದಿಗೂ ಕೇಡಗಾಂವ್‌ನಲ್ಲಿ ಅನಾಥ ಮಕ್ಕಳನ್ನೂ ದಿಕ್ಕಿಲ್ಲದ ಹೆಂಗಸರನ್ನೂ ಸಾಕುತ್ತಿದೆ.

ಕನ್ನಡಿಗರಾದ ನಮಗೆ ಇನ್ನೊಂದು ಸಂಗತಿ ಹೇಳಲೇಬೇಕು. 1912ರ ಹೊತ್ತಿಗೆ ರಮಾಬಾಯಿಯವರು ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ಒಂದು ಶಾಲೆ ತೆರೆದರು. ಅದರ ಹೊಣೆ ಹೊತ್ತವರು ಮನೋರಮಾ. ಓದಿನಲ್ಲಿ ಬಹಳ ಹಿಂದುಳಿದಿದ್ದ ಪ್ರದೇಶವೆಂದೇ ಆ ಊರನ್ನು ಆರಿಸಿಕೊಂಡಿದ್ದರು. ಬುಟ್ಟಿಯಲ್ಲಿ ಮಲಗಿ ಗಂಗಾಮೂಲದಿಂದ ಇಳಿದ ಕೂಸು, ಐವತ್ತು ವರ್ಷ ಕಳೆದ ಮೇಲೆ ಕನ್ನಡ ನಾಡಿಗೆ ಹೀಗೆ ಒಂದು ಶಾಲೆಯನ್ನು ಕಳಿಸಿಕೊಟ್ಟಿತು.

ಪುಣೆಯಿಂದ ಕಲಬುರಗಿಯ ಕಡೆಗೆ ಹೋಗುವ ರೈಲುಗಳು ಕೇಡಗಾಂವ್ ದಾಟಿಯೇ ಹೋಗುತ್ತವೆ. ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ದೌಂಡ್ ಕಡೆಯ ಲೋಕಲ್ ಹಿಡಿದರೆ ಇಳಿಯಬಹುದು. ನಮ್ಮ ವೇದಿಕೆಯ ವಾರ್ಷಿಕ ಪ್ರವಾಸಕ್ಕೆ ಈ ವರ್ಷ ಎಲ್ಲಿಗೆ ಎಂಬ ಚರ್ಚೆ ನಡೆಯುತ್ತಲೇ ಇದೆಯಲ್ಲ, ನನ್ನ ಮತ ಕೇಡಗಾಂವ್‌ಗೆ. ಹೋಗುವಾಗ ಬರಿಗೈಯಲ್ಲಿ ಹೋಗುವುದು ಬೇಡ. ಅಲ್ಲಿನ ಮಕ್ಕಳಿಗೆ ಏನು ಬೇಕೆಂದು ಮೊದಲೇ ವಿಚಾರಿಸಿ, ಅದನ್ನೇ ಕೊಂಡುಹೋಗೋಣ.